ಆಷಾಢ ಮುಗಿಯಲಿ ಎಂದರು ನರಹರಿರಾಯರು

ಹಿಮಾಯತ್‌ನಗರದಲ್ಲಿ ನರಹರಿರಾಯರು ನಡೆಸುವ ಕನ್ನಡ ವಧು-ವರ ಕೇಂದ್ರಕ್ಕೆ ಒಂದು ವೆಬ್‌ಸೈಟ್ ಇತ್ತು. ಹೈದರಾಬಾದಿನಲ್ಲಿ ನಮ್ಮವರಿಗೆ ಸಂಬಂಧ ಹುಡುಕುವುದೆಂದರೆ ಸಣ್ಣ ಮಾತೇ? ಫೋಟೊ, ಜಾತಕ, ಫೋನ್ ನಂಬರು, ಎಲ್ಲ ಅದರಲ್ಲೇ.

ಆಷಾಢದ ಮೊದಲ ವಾರ ಪಕ್ಕದ ಮನೆಯ ಸಂಯುಕ್ತಾ ಬಂದಳು. ಕಂಪ್ಯೂಟರ್ ಭದ್ರತೆಯೇ ಅವಳ ಕೆಲಸ.

"ಕಾಕಾ, ನಿಮ್ಮ ಸೈಟಿನ್ಯಾಗ ಫೋಟೊ ಹಾಕೋ ಪ್ಲಗಿನ್ ಐತೆಲ್ಲಾ, ಅದರಾಗ ಭಾಳ ಕೆಟ್ಟ ದೋಷ ಸಿಕ್ಕೈತಿ. ಇವತ್ತ ಅಪ್‌ಡೇಟ್ ಮಾಡಸ್ರಿ."

"ಪ್ಲಗಿನ್ ಅಂದ್ರ?"

"ಸೈಟಿಗೆ ಮ್ಯಾಲಿಂದ ಜೋಡಿಸಿದ ಸಣ್ಣ ಸಾಫ್ಟ್‌ವೇರ್ ರೀ. ಫೋಟೊದ ಹೆಸರು ಬರಿಯೋ ಜಾಗಾದಾಗ ಕಳ್ಳ ತನ್ನ ಹುಕುಂ ಬರೀತಾನ. ಪ್ಲಗಿನ್ ಅದನ್ನ ತಪಾಸ ಮಾಡದೆ ಸೀದಾ ಒಳಗ ಬಿಡ್ತೈತಿ. ಸೈಟ್ ಇರೋ ಕಂಪ್ಯೂಟರ್ ಅದನ್ನ ಮಾಲಕನ ಮಾತಂತ ತಿಳ್ಕೊಂಡು ಹೇಳಿದ್ದೆಲ್ಲಾ ಮಾಡ್ತೈತಿ."

ರಾಯರು ನಕ್ಕರು. "ಆಷಾಢದಾಗ ಮದುವಿ ಮಾತು ಯಾರು ಆಡ್ತಾರ ತಂಗಿ? ಕೇಂದ್ರದ ಬಾಗಲಾನ ಹಾಕೇವಿ. ಶ್ರಾವಣ ಬರ್ಲಿ, ಛಲೋ ದಿನಾ ನೋಡಿ ಮಾಡೂಣು."

"ಕಳ್ಳರಿಗೆ ಆಷಾಢ ಎಲ್ಲೈತ್ರಿ ಕಾಕಾ! ಅಲ್ಲೀತನಕ ಆ ಪ್ಲಗಿನ್ನಾರ ಬಂದ್ ಮಾಡಸ್ರಿ."

"ಆತು ಆತು, ಚಹಾ ಕುಡಿ" ಎಂದು ರಾಯರು ಮಾತು ತೇಲಿಸಿಬಿಟ್ಟರು. ಹಿರಿಯ ಮನುಷ್ಯ, ಎದುರಾಡುವವರು ಯಾರು?

ಹನ್ನೆರಡನೇ ದಿನ ಕಾಚಿಗೂಡದಿಂದ ನೀಲಾಬಾಯಿ ಓಡಿಬಂದರು. ಸೈಟಿನಲ್ಲಿದ್ದ ಮಗಳು ಲಹರಿಯ ಫೋಟೊ, ನಂಬರು ಮೊಬೈಲಿನ ಹೊಲಸು ಗುಂಪುಗಳಲ್ಲಿ ಹರಿದಾಡುತ್ತಿದ್ದವು. ದಿನಕ್ಕೆ ನೂರಾರು ಫೋನು, ಕಿವಿಯಿಂದ ಕೇಳಬಾರದ ಮಾತು. ಪಟಾನ್‌ಚೆರುವಿನ ಕೆಲಸಕ್ಕೆ ಹೋಗುವ ಬಸ್ಸು ಹತ್ತುವುದನ್ನೇ ಹುಡುಗಿ ಬಿಟ್ಟಿದ್ದಳು. ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ.

"ನಿಮ್ಮನ್ನ ನಂಬಿ ಕೊಟ್ಟಿದ್ನೆಲ್ರೀ!" ಎಂದು ತಾಯಿ ಗೋಳಾಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು ರಾಯರಿಗೆ.

ಸಂಯುಕ್ತಾ ಬಂದು ನೋಡಿದರೆ ಕಳ್ಳರು ಅದೇ ಪ್ಲಗಿನ್ನಿನಿಂದ ಒಳಹೊಕ್ಕಿದ್ದರು. ಕೂಡಲೇ ಸೈಟನ್ನು ಬಂದ್ ಮಾಡಿಸಿದಳು, ಸೈಬರ್ ಪೊಲೀಸರಿಗೆ ದೂರು ಕೊಡಿಸಿದಳು.

"ಫೋಟೊ ವಾಪಸ್ ಬರ್ತಾವೇನವಾ?" ರಾಯರು ಕೇಳಿದರು.

"ಇಲ್ರಿ ಕಾಕಾ. ಹೋದವು ಹೋದವು. ಇನ್ನ ಮುನ್ನೂರು ಹುಡುಗ್ಯಾರದ್ದೂ ಹೋಗ್ಯಾವ. ಒಬ್ಬೊಬ್ಬರ ಮನಿಗೂ ನೀವ ಹೇಳಬೇಕು."

ರಾಯರು ಪಟ್ಟಿ ಹಿಡಿದು ಮೊದಲ ಮನೆಗೆ ಫೋನ್ ಹಚ್ಚಿದರು. ಅವರ ದನಿ ಕೇಳಿದ್ದೇ ತಡ, ಆ ಕಡೆಯ ತಾಯಿ ಹಿಗ್ಗಿನಿಂದ ಕೇಳಿದರು:

"ಯಾವುದಾರ ಛಲೋ ಸಂಬಂಧ ಬಂತೇನ್ರೀ ರಾಯರ?"

ಓದುಗರೇ, ನಿಮ್ಮ ಸಂಘ, ಶಾಲೆ, ಅಂಗಡಿಗೆ ವೆಬ್‌ಸೈಟ್ ಇದೆಯೇ? ಅದನ್ನು ನೋಡಿಕೊಳ್ಳುವವರನ್ನು ಇವತ್ತೇ ಕೇಳಿ, ಪ್ಲಗಿನ್‌ಗಳು ಅಪ್‌ಡೇಟ್ ಆಗಿವೆಯೇ ಎಂದು. ಬಳಸದೆ ಇರುವ ಪ್ಲಗಿನ್ ತೆಗೆಸಿಹಾಕಿ. ಇಂಥ ಫೋನು ಮಾಡುವ ಗತಿ ನಿಮಗೆ ಬಾರದಿರಲಿ.