ಸೊಟ್ಟಗೆ ಕೂತ ಕನ್ನಡಕ

ಕನ್ನಡಕದಂಗಡಿಯವನ ಮಗಳ ಮೂಗಿನ ಮೇಲೆ ಕನ್ನಡಕವೇ ಸೊಟ್ಟಗೆ ಕೂತರೆ ಬೀದಿ ನಗದೆ ಬಿಟ್ಟೀತೆ? ಎದುರಂಗಡಿಯ ಗಡಿಯಾರದವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನಿಗೆ ಮುಖಭಂಗವಾಯಿತು. ಕನ್ನಡಕದ ಕಡ್ಡಿಯನ್ನು ಬಿಸಿಗಾಳಿ ಊದುವ ಯಂತ್ರಕ್ಕೆ ಹಿಡಿದು, ಎಡಕಿವಿಯ ಕಡೆ ತುಸು ಬಾಗಿಸಿ, ಮತ್ತೆ ಮಗಳ ಮುಖಕ್ಕಿಟ್ಟ. ಸರಿಹೋಯಿತು.

ಮನೆಯವರೆಲ್ಲ ಗುಬ್ಬಿ ಎನ್ನುತ್ತಿದ್ದ ಆ ಮಗಳ ಎಡಕಿವಿ ಹಿಂದಿನ ವಾರವಿಡೀ ಸೋರಿತ್ತು. ಡಾಕ್ಟರು ಕೊಟ್ಟ ಮಾತ್ರೆ ಮುಗಿಯುವ ಮುಂಚೆಯೇ ಸೋರುವುದು ನಿಂತು, ನೋವೂ ಇಳಿಯಿತು. ಮಾತ್ರೆ ನುಂಗಿದರೆ ವಾಂತಿ ಬರುತ್ತದೆಂದು ಅವಳು ಅತ್ತಾಗ, ವಾಸಿಯಾದ ಮೇಲೆ ಇನ್ನೇಕೆ ಎಂದು ಅಪ್ಪನೇ ಉಳಿದದ್ದನ್ನು ಕಪಾಟಿನ ಮೇಲಿಟ್ಟಿದ್ದ. ಅದು ಬೂದಿ ಮುಚ್ಚಿದ ಕೆಂಡವೆಂದು ಅವನಿಗೇನು ಗೊತ್ತು?

ಮಾರನೆಯ ದಿನ ಕನ್ನಡಕ ಮತ್ತೆ ಸೊಟ್ಟ. ಮತ್ತೆ ಬಾಗಿಸಿದ. ಅದರ ಮರುದಿನವೂ ಅದೇ ಕತೆ. ಚೌಕಟ್ಟು ಮಾಡಿದ ಕಾರ್ಖಾನೆಯವರ ಏಳು ತಲೆಮಾರನ್ನೂ ಜಾಲಾಡಿದ. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಕುಣಿಯೋಕೆ ಬಾರದವನಿಗೆ ನೆಲ ಡೊಂಕಂತೆ ಕಣೋ," ಎಂದಳು. ಅಜ್ಜಿ ಬಾಯಿ ತೆರೆದರೆ ಸಾಕು ನಗುವ ಗುಬ್ಬಿ ಅಂದು ನಗಲಿಲ್ಲ.

ಅಳತೆ ನೋಡಲು ಅಪ್ಪ ಅವಳ ಕಿವಿಯ ಹಿಂದೆ ಹೆಬ್ಬೆರಳು ಒತ್ತಿದ. ಕಡ್ಡಿ ಕೂರಬೇಕಾದ ಸಂದೇ ಅಲ್ಲಿರಲಿಲ್ಲ. ನಾದಿದ ಹಿಟ್ಟಿನಂತೆ ಮೆತ್ತಗೆ, ಬಿಸಿಯಾಗಿ ಏನೋ ಉಬ್ಬಿ ಕಿವಿಯನ್ನು ಮುಂದಕ್ಕೆ ನೂಕುತ್ತಿತ್ತು. ಗುಬ್ಬಿ ಕಿರುಚಲೂ ಆಗದೆ ಅವನ ಅಂಗಿ ಹಿಡಿದಳು. ಚೌಕಟ್ಟಿನದೇನೂ ತಪ್ಪಿರಲಿಲ್ಲ. ದಿನವೂ ಬಾಗಿಸಿ ಬಾಗಿಸಿ ಅವನು ಕಾಯಿಲೆಗೇ ಜಾಗ ಮಾಡಿಕೊಟ್ಟಿದ್ದ.

ಆಸ್ಪತ್ರೆಯ ಡಾಕ್ಟರಮ್ಮ ಮಾತು ತೇಲಿಸಲಿಲ್ಲ. ಕಿವಿಯ ಹಿಂದಿನ ಮೂಳೆ ಒಳಗೆ ಜೇನುಗೂಡಿನ ಹಾಗೆ, ಅದರ ತುಂಬ ಈಗ ಕೀವು ಎಂದರು. ನರಕ್ಕೆ ಔಷಧಿ ಏರಿಸಿದರಷ್ಟೇ ಸಾಲದು, ಮೂಳೆ ಕೊರೆದು ತೊಳೆಯಬೇಕು.

"ಅದರಾಚೆಗೇ ಮೆದುಳು. ಇನ್ನು ತಡ ಮಾಡೋ ಹಾಗಿಲ್ಲ."

"ಉಳೀತಾಳಾ?"

"ಹೆಚ್ಚಿನ ಮಕ್ಕಳು ಉಳೀತಾರೆ. ಕಿವಿ ಕೇಳೋದರ ಬಗ್ಗೆ ಮಾತ್ರ ಈಗಲೇ ಮಾತು ಕೊಡಲಾರೆ."

ಆಪರೇಷನ್ ಮುಗಿದು ಎಚ್ಚರವಾದಾಗ ಗುಬ್ಬಿ ಬಲಗಿವಿಯನ್ನು ದಿಂಬಿಗೊತ್ತಿ ಮಲಗಿದ್ದಳು. ಕನ್ನಡಕ ಕೇಳಿದಳು. ತಲೆ ತುಂಬ ಬ್ಯಾಂಡೇಜು, ಕಡ್ಡಿ ಸಿಕ್ಕಿಸಲು ಎಡಕಿವಿಯೇ ಕಾಣದು. ಅಪ್ಪ ಆ ಕಡೆಯ ಕಡ್ಡಿಯನ್ನು ಲಟಕ್ಕನೆ ಮುರಿದು, ಅವಳ ಬೆನ್ನ ಹಿಂದಿನಿಂದ ಬಗ್ಗಿ, ಚೌಕಟ್ಟನ್ನು ಕಣ್ಣ ಮುಂದೆ ಕೈಯಲ್ಲೇ ಹಿಡಿದು ನಿಂತ.

"ಅಪ್ಪಾ, ಈಗಲೂ ಸೊಟ್ಟಗಿದೆಯಾ?"

"ಇಲ್ಲ ಪುಟ್ಟಾ. ನೆಟ್ಟಗಿದೆ."

ಗುಬ್ಬಿ ಎದುರಿನ ಗೋಡೆಯನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು.