ಸೋದರಮಾವ ಹೋಳಿಗೆ ಬಡಿಸಿದ್ದು

"ನೀರು ಹರಿದ ಹಾಗೆ ಉಂಟು ಕತೆ. ಎಲ್ಲಿಯೂ ಒಂದು ಕಲ್ಲು ಅಡ್ಡ ಬರುವುದಿಲ್ಲ" ಎಂದು ಹೇಳಿ ಸರ್ವೋತ್ತಮರು ಬೂದು ರಟ್ಟಿನ ಕಾದಂಬರಿಯನ್ನು ಟೀಪಾಯಿಯ ಮೇಲಿಟ್ಟರು.

ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಶರಣಬಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸರ್ವೋತ್ತಮರಿಗಿಂತ ಮೊದಲು ಮಾತಾಡಿದ ನಾಲ್ವರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಐದು ಜನ ಓದಿದವರು, ಐವರಿಗೂ ಒಂದು ಹರಳು ಕೂಡ ಕಾಲಿಗೆ ತಾಗಿರಲಿಲ್ಲ. ತನಗೊಬ್ಬಳಿಗೇ ನಡುದಾರಿಯಲ್ಲಿ ಬಂಡೆ ಎದುರಾಗಿತ್ತು. ಇನ್ನು ಉಳಿದದ್ದು ಅವಳ ಸರದಿ.

ಮುಂಬಯಿ ಹತ್ತಿರದ ಕಲ್ಯಾಣದಲ್ಲಿ, ವೇದಾಳ ಮನೆಯಲ್ಲಿ, ತಿಂಗಳ ಕೊನೆಯ ಭಾನುವಾರ ಸಂಜೆ ನಾಲ್ಕಕ್ಕೆ ಈ ಆರು ಜನ ಸೇರಲು ತೊಡಗಿ ಒಂದು ವರ್ಷವಾಗಿತ್ತು. ಎರಡು ಸಾವಿರದ ಹನ್ನೊಂದರ ಜನವರಿಯಲ್ಲಿ ಶುರುವಾದದ್ದು. ತಿಂಗಳಿಗೊಂದು ವಿಷಯ. ಆ ವಿಷಯದ ಮೇಲೆ ಒಂದು ಕನ್ನಡ ಪುಸ್ತಕವನ್ನು ಆ ತಿಂಗಳೊಳಗೇ ಓದಿ ಮುಗಿಸಬೇಕು, ಚೀಟಿ ನೋಡದೆ ನಾಲ್ಕು ಮಾತು ಹೇಳಬೇಕು. ಬ್ಯಾಂಕಿನಿಂದ ನಿವೃತ್ತರಾಗಿ ಠಾಣೆಯ ಕೋಪರಿ ಬಡಾವಣೆಯಲ್ಲಿ ಮನೆ ಮಾಡಿದ್ದ ಸರ್ವೋತ್ತಮರು ಉದ್ದನೆಯ ರಿಜಿಸ್ಟರಿನಲ್ಲಿ ಆರು ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ತಿಂಗಳಿಗೊಂದರಂತೆ ಹನ್ನೆರಡು ಚೌಕದ ಮನೆ ಎಳೆದಿದ್ದರು. ಓದಿದವರ ಮನೆಯಲ್ಲಿ ಕೆಂಪು ಪೆನ್ನಿನ ಗುರುತು ಬೀಳುತ್ತಿತ್ತು.

ಶರಣಬಸಮ್ಮ ಅಲ್ಲಿಗೆ ಬಂದದ್ದೇ ಒಂದು ತಪ್ಪು ತಿಳಿವಳಿಕೆಯಿಂದ. ಅದರ ಹಿಂದಿನ ಕಾರ್ತಿಕದಲ್ಲಿ ಗುಡಿಯ ಭಜನೆಯ ದಿನ, ಹೇಳಬೇಕಾದವರು ಬಾರದೆ ಹೋದಾಗ, ಅವಳು ಒಂದು ತಾಸು ಪುಸ್ತಕವಿಲ್ಲದೆ ಪುರಾಣದ ಪದ್ಯ ಹೇಳಿದ್ದಳು. ಮೈಸೂರಿನ ವೇದಾ ಅವಳ ಎರಡೂ ಕೈ ಹಿಡಿದುಕೊಂಡು, ಎಷ್ಟು ಓದಿದ್ದೀರಿ ನೀವು, ನಮ್ಮ ಜೊತೆ ಬರಲೇಬೇಕು ಎಂದಳು. ಅರವತ್ತು ವರ್ಷದ ಬದುಕಿನಲ್ಲಿ ಆ ಮಾತನ್ನು ಯಾರೂ ಅವಳಿಗೆ ಅಂದಿರಲಿಲ್ಲ. ಇಲ್ಲ ಎನ್ನಲು ನಾಲಗೆ ಏಳಲಿಲ್ಲ.

ಕಲಬುರಗಿ ಕಡೆಯ ಅವಳ ಊರಿನಲ್ಲಿ ಅಣ್ಣಂದಿರು ಸಾಲಿಗೆ ಹೋದರೆ ಅವಳು ರೊಟ್ಟಿಯ ಗಂಟು ಹೊತ್ತು ಹೊಲಕ್ಕೆ ಹೋಗುತ್ತಿದ್ದಳು. ಆದರೆ ಶ್ರಾವಣ ಬಂತೆಂದರೆ ಸಂಜೆ ಮಠದಲ್ಲಿ ಪುರಾಣ. ಪುರಾಣ ನಡೆಯುವಾಗ ಊರ ಗೌಡನೂ ಕೆರವನ್ನು ಹೊರಗೆ ಬಿಟ್ಟು ನೆಲದ ಮೇಲೆಯೇ ಕೂರುತ್ತಿದ್ದ. ಕಂಬದ ಹಿಂದೆ ಕೂತ ಹುಡುಗಿಗೆ ಕಿವಿಯೇ ಸಾಲಿ. ಹದಿನೈದು ತುಂಬುವ ಹೊತ್ತಿಗೆ, ಶಾಸ್ತ್ರಿಗಳು ಒಂದು ಸಾಲು ತಪ್ಪಿದರೆ ಅವಳ ತುಟಿ ತಾನಾಗಿ ಅದನ್ನು ತುಂಬಿಕೊಳ್ಳುತ್ತಿತ್ತು.

ಹೀಗಾಗಿ ಜನವರಿಯಲ್ಲಿ 'ದೇವರು', ಫೆಬ್ರವರಿಯಲ್ಲಿ 'ನದಿ' ಎಂದಾಗ ಅವಳಿಗೆ ಕಷ್ಟವಾಗಲಿಲ್ಲ. ಬಾಯಲ್ಲಿದ್ದುದನ್ನೇ ಹೇಳಿದಳು, ಎರಡು ಮನೆ ಕೆಂಪಾದವು. ಮಾರ್ಚಿನಲ್ಲಿ ಸರ್ವೋತ್ತಮರು ಯಾವುದೋ ಪ್ರವಾಸದ ಪುಸ್ತಕ ತೆಗೆದು, ನಿಮ್ಮ ಸ್ವರ ಚೆನ್ನಾಗಿದೆ, ಈ ಒಂದು ಪುಟ ಎಲ್ಲರಿಗೂ ಕೇಳುವ ಹಾಗೆ ಓದಿ ಎಂದು ಅವಳ ಕೈಗಿತ್ತರು. ಅವಳು ಪುಸ್ತಕವನ್ನು ಹಣೆಗೊತ್ತಿಕೊಂಡು ಹಾಗೇ ಕೂತಳು. ಓದುವ ಚಾಳೀಸು ಬೇಕೇ ಎಂದು ವೇದಾ ತನ್ನದನ್ನು ಕೊಡಲು ಬಂದಳು.

"ನಂಗ ಓದಾಕ ಬರಂಗಿಲ್ರೀ" ಎಂದಳು ಶರಣಬಸಮ್ಮ.

ಯಾರಿಗೂ ಯಾರ ಮುಖ ನೋಡಬೇಕೋ ತಿಳಿಯಲಿಲ್ಲ. ಮೊದಲಿನ ಎರಡು ತಿಂಗಳು ಹೇಳಿದ್ದು ಹಾಗಾದರೆ ಎಂತದು ಎಂದು ಸರ್ವೋತ್ತಮರು ಕೇಳಿದರು. ಅದು ಕೇಳಿದ್ದು ಎಂದಳು. ಅವರು ಒಂದು ಗಳಿಗೆ ಪೆನ್ನನ್ನು ತಿರುಗಿಸುತ್ತ ಕೂತು, ಮೆತ್ತಗೆ, "ಕೇಳಿದ್ದು ಬೇರೆ, ಓದಿದ್ದು ಬೇರೆ ಅಲ್ವಾ ಅಮ್ಮ" ಎಂದರು. ಹೌದೆಂದು ತಲೆಯಾಡಿಸಿ ಆ ಎರಡು ಗುರುತನ್ನು ಹೊಡೆದುಹಾಕಲು ಅವಳೇ ಹೇಳಿದಳು. ಅವರು ಹೊಡೆದುಹಾಕಿದರು.

ಅವತ್ತು ಪಕ್ಕದ ಸ್ಟೇಷನ್ನಾದ ಶಹಾಡಿನ ತನ್ನ ಮನೆಗೆ ಮರಳಿದವಳು ಕಾಲು ತೊಳೆದು ನೇರ ದೇವರ ಗೂಡಿಗೆ ಹೋದಳು. ಮದುವೆಯಾಗಿ ಬರುವಾಗ ಅಪ್ಪ ಉಡಿಯಲ್ಲಿ ಹಾಕಿದ್ದ ಪುರಾಣದ ಪುಸ್ತಕ ಅಲ್ಲಿತ್ತು. ನಲವತ್ತು ವರ್ಷ ಅದರ ಮೇಲೆ ಕುಂಕುಮ ಏರಿಸಿದ್ದಳೇ ಹೊರತು ಒಮ್ಮೆಯೂ ಬಿಚ್ಚಿರಲಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲ ಪದ್ಯದ ಕೆಳಗೆ ಬೆರಳಿಟ್ಟಳು. ಪದ್ಯ ಬಾಯಲ್ಲಿತ್ತು, ಅಕ್ಷರ ಕಣ್ಣೆದುರಿತ್ತು. ಬಾಯಿ 'ಶ್ರೀ' ಎಂದರೆ ಬೆರಳ ಕೆಳಗಿರುವುದು 'ಶ್ರೀ'ಯೇ ಆಗಬೇಕಲ್ಲ. ಹತ್ತು ಸಾಲಿನಲ್ಲಿ ಅದೇ ಅಕ್ಷರ ಮತ್ತೆ ಮತ್ತೆ ಎದುರಾದಾಗ, ನೆಂಟರ ಗುರುತು ಹತ್ತಿದಂತೆ ಗುರುತು ಹತ್ತತೊಡಗಿತು.

ಮರಾಠಿ ಶಾಲೆಯಲ್ಲಿ ಆರನೇ ಇಯತ್ತೆ ಓದುತ್ತಿದ್ದ ಮೊಮ್ಮಗಳು ಅಪೇಕ್ಷಾ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಅಜ್ಜಿಯ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. "ಆಜಿ, ಯೇ ತೋ ಕಲ್ ವಾಲಾ ಹೀ ಹೈ" ಎಂದು ನಿನ್ನೆ ಕಂಡ ಅಕ್ಷರವನ್ನು ಅವಳೇ ಮೊದಲು ಹಿಡಿಯುತ್ತಿದ್ದಳು. ನೂಲಿನ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿದ್ದ ಗಂಡ ಶಂಕ್ರೆಪ್ಪ ಬಾಗಿಲಲ್ಲಿ ಕೂತು ತಂಬಾಕು ತಿಕ್ಕುತ್ತ, "ಎಲ್ಲಾರ್ಗೂ ಅರವತ್ತಕ್ಕ ಅರಳು ಮರಳು. ನಮ್ಮಾಕಿಗಿ ಅರವತ್ತಕ್ಕ ಅ ಆ ಇ ಈ" ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದ. ಹಾಗೆಂದು ಒಂದು ಭಾನುವಾರವನ್ನೂ ಅವನು ತಪ್ಪಿಸಲಿಲ್ಲ. ಶಹಾಡಿನಿಂದ ಕಲ್ಯಾಣಕ್ಕೆ ಲೋಕಲ್‌ನಲ್ಲಿ ಅವಳನ್ನು ಕರೆತಂದು, ವೇದಾಳ ಬಿಲ್ಡಿಂಗಿನ ಗೇಟಿಗೆ ಬಿಟ್ಟು, ಎದುರಿನ ಚಹದ ಟಪರಿಯಲ್ಲಿ ಕಾಯುತ್ತಿದ್ದ. ಎಷ್ಟು ಕರೆದರೂ ಮೇಲೆ ಬರುತ್ತಿರಲಿಲ್ಲ. "ಓದಿದೋರ ಮನಿ ಅದು. ನಾ ಬಂದು ಏನ್ ಮಾಡ್ಲಿ."

ಪದ್ಯದಿಂದ ಗದ್ಯಕ್ಕೆ ದಾಟುವುದೇ ದೊಡ್ಡ ಹೊಳೆಯಾಯಿತು. ಗದ್ಯಕ್ಕೆ ಧಾಟಿಯಿಲ್ಲ, ಮುಂದಿನ ಮಾತು ಇಂಥದೇ ಎಂದು ಕಿವಿ ಮುಂದಾಗಿ ಹೇಳುವುದಿಲ್ಲ. ಓಣಿಯಲ್ಲಿ ಓದಿ ಓದಿ ಕಣ್ಣು ಪಳಗಿಸೋಣವೆಂದರೆ ಶಹಾಡಿನ ಬೋರ್ಡುಗಳಲ್ಲಿ ಕನ್ನಡವೆಲ್ಲಿ? ಮನೆಯಲ್ಲಿ ಇದ್ದದ್ದು ಗೂಡಿನ ಪುಸ್ತಕ, ಊರಿಂದ ಬಂದ ಕ್ಯಾಲೆಂಡರು, ಅಷ್ಟೇ. ವೇದಾ ತನ್ನ ಮಗುವಿನ ಕತೆಪುಸ್ತಕಗಳನ್ನು ಕೊಟ್ಟಳು. ಶರಣಬಸಮ್ಮ ಅವನ್ನೂ ಪುರಾಣದ ಧಾಟಿಯಲ್ಲೇ ಎಳೆದು ಎಳೆದು ಓದಿದಳು. ಕಾಗೆಯೂ ನರಿಯೂ ರಾಗದಲ್ಲೇ ಜಗಳವಾಡಿದವು. ನವೆಂಬರಿನ ಹೊತ್ತಿಗೆ ತೆಳುವಾದ ಎರಡು ದೊಡ್ಡವರ ಪುಸ್ತಕ ಮುಗಿದಿತ್ತು. ಆದರೆ ತಿಂಗಳೊಳಗೆ ಮುಗಿದಿರಲಿಲ್ಲ, ಸರ್ವೋತ್ತಮರು ಗುರುತು ಹಾಕಲಿಲ್ಲ. ಅವಳೂ ಕೇಳಲಿಲ್ಲ. ಹನ್ನೊಂದು ಮನೆ ಖಾಲಿ. ಡಿಸೆಂಬರಿನ ಒಂದು ಮನೆಯಾದರೂ ತನ್ನ ಹೆಸರಿನ ಮುಂದೆ ಕೆಂಪಾಗಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಂಡಳು.

ಡಿಸೆಂಬರಿನ ವಿಷಯ 'ಮದುವೆ'. ವರ್ಷದ ಕೊನೆಗೆ ಎಲ್ಲರೂ ಒಂದೇ ಪುಸ್ತಕ ಓದೋಣವೆಂದು ಸರ್ವೋತ್ತಮರು ಡೊಂಬಿವಿಲಿಯ ಪರಿಚಯದವರ ಕಪಾಟಿನಿಂದ ಹಳೆಯ ಕಾದಂಬರಿಯ ಒಂದು ಪ್ರತಿ ತಂದಿದ್ದರು. ಐವರಿಗೆ ಮೂರು ಮೂರು ದಿನ, ಕೊನೆಯ ಹತ್ತು ದಿನ ಶರಣಬಸಮ್ಮನಿಗೆ.

ಏಳನೆಯ ದಿನದವರೆಗೆ ಎಲ್ಲ ಸರಿಯಿತ್ತು. ನಡುವೆ ಒಂದು ಕಡೆ ಮಾತು ಅರ್ಧಕ್ಕೇ ಕಡಿದುಹೋದಂತಾಗಿತ್ತು. ತನಗೇ ಜೋಡಿಸಲು ಬರಲಿಲ್ಲವೆಂದುಕೊಂಡು ದಾಟಿದಳು. ಆಮೇಲೆ ಕತೆಯೊಳಗಿನ ಮದುವೆಯ ಹುಡುಗಿಯ ಸೋದರಮಾವ ಸತ್ತ. ಅವಳು ಪುಸ್ತಕ ಮಡಚಿಟ್ಟು ಸೆರಗಿನಿಂದ ಕಣ್ಣೊತ್ತಿಕೊಂಡು, ದೇವರಿಗೊಂದು ಊದಿನಕಡ್ಡಿ ಹಚ್ಚಿದಳು. ಮರುದಿನ ಹಾಳೆ ತಿರುವಿದರೆ ಅದೇ ಸೋದರಮಾವ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಾನೆ.

ಹಿಂದಕ್ಕೆ ಹೋಗಿ ಓದಿದಳು. ಸತ್ತಿದ್ದ. ಮುಂದಕ್ಕೆ ಬಂದಳು. ಬಡಿಸುತ್ತಿದ್ದ, ಮೇಲೆ ತುಪ್ಪ ಬೇರೆ. ಮೂರು ಸಲ ಹೀಗಾಯಿತು. ಪುರಾಣದಲ್ಲಾದರೆ ಶರಣರ ಕೃಪೆಯಿಂದ ಸತ್ತವರು ಎದ್ದು ಬರುವುದುಂಟು. ಇಲ್ಲಿ ಕೃಪೆ ಮಾಡಿದವರು ಯಾರು? ತನಗೆ ಅಕ್ಷರ ಹತ್ತಿದೆಯೆಂಬುದೇ ಸುಳ್ಳಿರಬೇಕು, ಎಲ್ಲೋ ಒಂದನ್ನು ಇನ್ನೊಂದೆಂದು ಓದಿ ಜೀವಂತ ಮನುಷ್ಯನನ್ನು ಕೊಂದಿದ್ದೇನೆ ಎಂದು ಅವಳಿಗೆ ದಿಗಿಲಾಯಿತು. ಗಂಡನಿಗೆ ಹೇಳಿದರೆ ಅವನು, "ಹೋಳಿಗಿ ಬಿಟ್ಟು ಹ್ಯಾಂಗ ಸಾಯ್ತಾನ? ವಾಸನಿ ಹಿಡದು ಬಂದಾನ" ಎಂದ. ಉಳಿದ ಪುಟಗಳನ್ನೂ ಬಿಡದೆ ಓದಿದಳು. ಆದರೆ ಬುಡವೇ ಅಲುಗಾಡಿತ್ತು.

ಈಗ ರಿಜಿಸ್ಟರಿನ ಮುಂದೆ ಕೂತ ಸರ್ವೋತ್ತಮರು ಅವಳ ಹೆಸರು ಕರೆದರು. ಶರಣಬಸಮ್ಮ ಎದ್ದು ನಿಂತಳು. ಕೂತೇ ಹೇಳಿ ಎಂದು ವೇದಾ ಅಂದರೂ ಕೂರಲಿಲ್ಲ.

"ನನ್ನ ಮನಿ ಖಾಲೀನೇ ಬಿಡ್ರಿ ಸರ್. ಕಡೀತನಕಾ ಬೆರಳಿಟ್ಟು ಓದೀನಿ. ಖರೆ, ಓದೀನಿ ಅಂತ ಹೇಳಾಕ ಬಾಯಿ ಬರವಲ್ದು. ನೀವೆಲ್ಲಾ ಓದಿದ ಕತಿನೇ ಬ್ಯಾರೆ, ನಾ ಓದಿದ್ದೇ ಬ್ಯಾರೆ. ನಾ ಓದಿದ್ರಾಗ ಆ ಸ್ವಾದರಮಾವ ಸತ್ತು, ದಿನಾ ಮಾಡಿ, ಆಮ್ಯಾಲ ಮದಿವ್ಯಾಗ ಬಂದು ಹೋಳಿಗಿ ನೀಡ್ತಾನ್ರೀ. ಮೂರು ಸರ್ತಿ ಓದಿದೆ. ಮೂರು ಸರ್ತೀನೂ ಹಂಗಽ ಬಂತು. ನಾ ಎಲ್ಲಿ ತಪ್ಪೀನಿ, ಅದೊಂದು ತೋರಿಸಿಬಿಡ್ರಿ. ಮುಂದಿನ ವರ್ಷ ತಿದ್ಕೊಂತೀನಿ."

ಸೋಫಾದಲ್ಲಿ ಕೂತಿದ್ದ ಪುಂಡರೀಕಾಕ್ಷ ತನ್ನ ಫೋನನ್ನು ಮಗುಚಿಟ್ಟ. ಬೆಂಗಳೂರಿನ ಆ ಐ.ಟಿ. ಹುಡುಗ ಸ್ವಲ್ಪ ಹೊತ್ತಿನ ಹಿಂದಷ್ಟೇ ಸೋದರಮಾವನ ಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ ಎಂದಿದ್ದ.

"ಯಾವ ಪುಟ?" ಎಂದರು ಸರ್ವೋತ್ತಮರು.

ಪುಟದ ಸಂಖ್ಯೆ ಅವಳು ನೋಡಿರಲಿಲ್ಲ, ಪುರಾಣಕ್ಕೆ ಅದು ಬೇಕಾಗುವುದಿಲ್ಲ. "ಬಿಲ್ವಪತ್ರಿ ಇಟ್ಟೀನ್ರೀ" ಎಂದಳು.

ಸರ್ವೋತ್ತಮರು ಒಣಗಿದ ಎಲೆಯಿದ್ದಲ್ಲಿ ಪುಸ್ತಕ ಬಿಚ್ಚಿದರು. ಎಡಗಡೆ ಓದಿದರು, ಬಲಗಡೆ ಓದಿದರು. ಕನ್ನಡಕ ಹಣೆಗೇರಿಸಿ ಪುಸ್ತಕವನ್ನು ಮೂಗಿನ ಹತ್ತಿರ ತಂದರು. ಆಮೇಲೆ ಹಿಂದಕ್ಕೆ ಹಲವು ಹಾಳೆ ತಿರುವಿ ಅಲ್ಲಿಯೂ ನೋಡಿದರು.

"ಈ ಬದಿ ನೂರ ಇಪ್ಪತ್ತೆಂಟು" ಎಂದರು ಕೊನೆಗೆ. "ಆ ಬದಿ ತೊಂಬತ್ತೇಳು. ಹಿಂದೆ ತೊಂಬತ್ತಾರರ ಎದುರು ನೂರ ಹದಿಮೂರು ಉಂಟು. ಹೊಲಿಯುವವರು ಮುಂದಿನ ಹದಿನಾರು ಪುಟದ ಕಟ್ಟನ್ನು ಹಿಂದೆ, ಹಿಂದಿನದ್ದನ್ನು ಮುಂದೆ ಸೇರಿಸಿದ್ದಾರೆ. ಅವನು ಮೊದಲು ಬಡಿಸಿದ್ದು, ಆಮೇಲೆ ಸತ್ತದ್ದು."

ಶರಣಬಸಮ್ಮನಿಗೆ ಒಮ್ಮೆಗೇ ತಿಳಿಯಲಿಲ್ಲ. "ಹಂಗಾದ್ರ ನಾ ಓದಿದ್ದು?"

"ಇಲ್ಲಿ ಏನುಂಟೋ ಅದನ್ನೇ ಓದಿದ್ದೀರಿ ಅಮ್ಮ. ನೀವೊಬ್ಬರೇ."

ಮೊದಲು ನಕ್ಕವಳು ವೇದಾ. ನಗುತ್ತ ನಗುತ್ತ ಸೋಫಾದ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. "ಅರವತ್ತನೇ ಪುಟಕ್ಕೆ ನಿಲ್ಲಿಸಿ ಕೊನೇ ಅಧ್ಯಾಯ ಓದ್ಬಿಟ್ಟಿದ್ದೆ ಕಣ್ರೀ. ಮಗೂಗೆ ಪರೀಕ್ಷೆ ಇತ್ತು." ವಾಶಿಯಿಂದ ಬರುತ್ತಿದ್ದ ಗಂಡ ಹೆಂಡಿರು ಒಬ್ಬರನ್ನೊಬ್ಬರು ನೋಡಿದರು. ಹೆಂಡತಿ ಓದುತ್ತಾಳೆಂದು ಗಂಡ ನಂಬಿದ್ದ, ಗಂಡ ಓದಿ ಹೇಳುತ್ತಾನೆಂದು ಹೆಂಡತಿ. ಪುಂಡರೀಕಾಕ್ಷ ಮಾತ್ರ ಗಂಭೀರವಾಗಿ, "ನಾನು ಅದನ್ನ ಬರೆದವರ ತಂತ್ರ ಅಂದ್ಕೊಂಡೆ" ಎಂದ. ಅದಕ್ಕೆ ಬಿದ್ದ ನಗೆಗೆ ಕಿಟಕಿಯ ಸರಳ ಮೇಲಿನ ಪಾರಿವಾಳ ಹಾರಿಹೋಯಿತು.

ಸರ್ವೋತ್ತಮರು ನಗಲಿಲ್ಲ. ರಿಜಿಸ್ಟರು ಎಳೆದುಕೊಂಡು, ತಮ್ಮ ಹೆಸರಿನ ಮುಂದೆ ಆಗಲೇ ಹಾಕಿಕೊಂಡಿದ್ದ ಡಿಸೆಂಬರಿನ ಗುರುತನ್ನು ಹೊಡೆದುಹಾಕಿದರು. ಒಬ್ಬೊಬ್ಬರದಾಗಿ ಉಳಿದ ನಾಲ್ಕನ್ನೂ ಹೊಡೆದರು. ಆಮೇಲೆ ಕೊನೆಯ ಸಾಲಿಗೆ ಬಂದು, ಪೆನ್ನನ್ನು ಒಮ್ಮೆ ಕಾಗದದ ಅಂಚಿನಲ್ಲಿ ಗೀಚಿ ಶಾಯಿ ನೋಡಿ, ಶರಣಬಸಮ್ಮನ ಹನ್ನೆರಡನೆಯ ಮನೆಯಲ್ಲಿ ಮನೆ ತುಂಬುವಷ್ಟು ದೊಡ್ಡ ಕೆಂಪು ಗುರುತು ಹಾಕಿದರು. ಪೆನ್ನು ಹಿಂದಕ್ಕೆ ಹೋಗಿ ಜನವರಿಯ ಮೇಲೆ ನಿಂತಿತು.

"ಇವೆರಡನ್ನೂ ತಿರುಗಿ ಹಾಕಲಾ?"

"ಬ್ಯಾಡ್ರಿ" ಎಂದಳು ಶರಣಬಸಮ್ಮ. ಈಗ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಿದ್ದಳು. "ಅವು ಕೇಳಿದ್ವು."

ಕತೆ ಸರಿಯಾಗಿ ಹೇಗೆ ನಡೆಯಿತೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ, ತೊಂಬತ್ತೇಳರಿಂದ ಅವಳೇ ಓದಲಿ ಎಂದು ತೀರ್ಮಾನವಾಯಿತು. ವೇದಾ ಚಾಳೀಸು ಕೊಡಲು ಬಂದಳು. ಶರಣಬಸಮ್ಮ ತನ್ನದನ್ನೇ ಚೀಲದಿಂದ ತೆಗೆದಳು. ಪುಸ್ತಕವನ್ನು ಹಣೆಗೊತ್ತಿ, ಬೆರಳಿಟ್ಟು, ಧಾಟಿ ಹಿಡಿದಳು. ಮದುವೆಯ ಊಟದ ಗದ್ದಲ ಪುರಾಣದ ರಾಗದಲ್ಲಿ ಕೇಳಿದಾಗ ಪುಂಡರೀಕಾಕ್ಷನ ತುಟಿ ಒಂದಿಷ್ಟು ಬಿರಿಯಿತು. ಎರಡು ಸಾಲು ಕಳೆಯುವುದರಲ್ಲಿ ಅವನು ಸೋಫಾದಿಂದ ಜಾರಿ ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದ. ಕಾಫಿಯ ಮೇಲೆ ಕೆನೆ ಕಟ್ಟಿತು.

ಆರೂವರೆಯಾದರೂ ಹೆಂಡತಿ ಇಳಿದು ಬಾರದ್ದಕ್ಕೆ ಶಂಕ್ರೆಪ್ಪ ಟಪರಿಯಿಂದೆದ್ದು, ಗೇಟು ದಾಟಿ, ಆ ಒಂದು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದ. ಎರಡನೆಯ ಮಾಳಿಗೆಯಲ್ಲಿ ಬಾಗಿಲು ಅರೆ ತೆರೆದಿತ್ತು, ಹೊರಗೆ ಚಪ್ಪಲಿಗಳ ಸಾಲಿತ್ತು. ಗಂಟೆ ಒತ್ತಲು ಎತ್ತಿದ ಕೈ ಒಳಗಿನ ದನಿ ಕೇಳಿ ಅಲ್ಲೇ ನಿಂತಿತು. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ. ಬಾಗಿ ಚಪ್ಪಲಿ ಬಿಚ್ಚಿ, ಓದಿದವರ ಚಪ್ಪಲಿಗಳ ಸಾಲಿನ ಕೊನೆಗೆ ಜೋಡಿಸಿ, ಸದ್ದಾಗದಂತೆ ಮೆಟ್ಟಿಲ ಮೇಲೆ ಕೂತ. ಒಳಗೆ ಸೋದರಮಾವ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ. ಪಂಕ್ತಿಯ ಕೊನೆ ಇನ್ನೂ ದೂರವಿತ್ತು.