ಸ್ಪಿರಿಟಪ್ಪನ ಬಿಳಿ ಕೋಟು

ಮೂರನೆಯ ಗುಂಡಿ ಕಾಜಾದೊಳಗೆ ಹೋಗುತ್ತಲೇ ಇರಲಿಲ್ಲ. ಮಗಳು ಒಂದು ಮಂಡಿಯನ್ನು ಮಂಚಕ್ಕೆ ಊರಿ, ಅಪ್ಪನ ತಣ್ಣಗಿನ ಎದೆಯ ಮೇಲೆ ಬಾಗಿ, ಕೋಟಿನ ಎರಡು ಅಂಚನ್ನೂ ಜಗ್ಗುತ್ತಿದ್ದಳು.

“ಬಿಡೇ ಅದನ್ನ,” ಎಂದ ಚಿಕ್ಕಪ್ಪ, ಬಾಗಿಲಲ್ಲಿ ನಿಂತು. “ಒಳ್ಳೇ ಅಂಗಿ ಇಸ್ತ್ರಿ ಮಾಡಿಸಿ ತಂದಿದೀನಿ. ಕಾಲೇಜಿನ ಚಿಂದಿ ಹಾಕ್ಕೊಂಡು ಹೋಗ್ಬೇಕಾ ನಮ್ಮಣ್ಣ?”

“ಅಪ್ಪನೇ ಹೇಳಿದ್ದು, ಇದನ್ನೇ ಹಾಕು ಅಂತ.”

“ಅವನು ಹೇಳ್ದ, ನೀನು ಕೇಳ್ದೆ. ಇಬ್ಬರಿಗೂ ತಲೆ ಕೆಟ್ಟಿದೆ.”

ದರ್ಜಿ ಅಂಗಡಿಯಲ್ಲಿ ದಿನಕ್ಕೆ ಇನ್ನೂರು ಕಾಜಾ ಹೊಲಿಯುವವಳು ಅವಳು. ಯಾವ ಗುಂಡಿಯೂ ಅವಳ ಕೈಯಲ್ಲಿ ಇಷ್ಟು ಹಟ ಮಾಡಿರಲಿಲ್ಲ. ಕೋಟಿನ ತುಂಬ ಆಸಿಡ್ ತಿಂದ ತೂತುಗಳು, ತೋಳಿನ ಮೇಲೆ ಅಯೋಡಿನ್ನಿನ ಹಳದಿ ಕಲೆ. ಮೂವತ್ತೊಂದು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಪ್ಪ ಪ್ರನಾಳ ತೊಳೆದದ್ದು ಇದನ್ನೇ ತೊಟ್ಟು.

ಚಿಕ್ಕಪ್ಪನ ಕಣ್ಣು ಉಬ್ಬಿದ್ದ ಜೇಬಿನ ಮೇಲೆ ಬಿತ್ತು. ಕೈ ಹಾಕಿ ಎಳೆದರೆ ಕಂದು ಬಣ್ಣದ ಪುಟ್ಟ ಬಾಟಲಿ, ಒಂದು ಉಂಡೆ ಹತ್ತಿ. ಮುಚ್ಚಳ ತಿರುವಿ ಮೂಸಿದ.

“ನೋಡ್ರಪ್ಪಾ! ಮೇಲಕ್ಕೆ ಹೋಗೋವಾಗ್ಲೂ ದಾರಿಖರ್ಚಿಗೆ ಇಟ್ಕೊಂಡಿದಾನೆ!”

ಅವನ ಹಿಂದೆ ನಿಂತಿದ್ದ ನೆರೆಮನೆಯವರಿಬ್ಬರು ನಗು ತಡೆಯಲಾರದೆ ಮುಖ ತಿರುಗಿಸಿದರು. ಮಗಳು ಬಾಟಲಿಯನ್ನು ಕಿತ್ತುಕೊಂಡು ಮತ್ತೆ ಜೇಬಿಗೆ ತುರುಕಿದಳು. ಮೈ ಉರಿದುಹೋಯಿತು. ಚಿಕ್ಕಪ್ಪನ ಮೇಲೋ, ಮಲಗಿದ್ದವನ ಮೇಲೋ ಅವಳಿಗೇ ತಿಳಿಯಲಿಲ್ಲ. ಸಾಯುವಾಗಲಾದರೂ ಇದನ್ನು ಬಿಡಬಾರದಿತ್ತೇ ಈ ಮನುಷ್ಯ?

ಹತ್ತೊಂಬತ್ತು ವರ್ಷದ ಹಿಂದೆ ಲ್ಯಾಬಿನ ಬೀರುವಿನಿಂದ ಅರ್ಧ ಬಾಟಲಿ ಶುದ್ಧ ಆಲ್ಕೊಹಾಲ್ ಮಾಯವಾಗಿತ್ತು. ಅಟೆಂಡರ್ ಕುಡಿದಿದ್ದಾನೆಂದು ಕಾಲೇಜು ಕಾಗದ ಕೊಟ್ಟಿತು. ಅವತ್ತಿಗೆ ಬಡ್ತಿಯೂ ಹೋಯಿತು, ಹೆಸರೂ ಹೋಯಿತು. ಬೀದಿಗೆಲ್ಲ ಅವನು ಸ್ಪಿರಿಟಪ್ಪ.

*

ಆಗ ಅವಳಿಗೆ ಹದಿಮೂರು. ಅವತ್ತು ಬೆಳಿಗ್ಗೆ ತರಗತಿಯ ಹುಡುಗಿಯೊಬ್ಬಳು ಅವಳನ್ನು “ಅರ್ಧ ಬಾಟ್ಲಿ” ಎಂದು ಕರೆದಿದ್ದಳು. ಸಂಜೆ ಅಪ್ಪ ಬಂದಾಗ ಅಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

“ಊದು ಅಂತ ಹೇಳೇ ನಿಮ್ಮಪ್ಪಂಗೆ. ನಾನು ಹತ್ರ ಹೋಗಲ್ಲ.”

“ಊದಪ್ಪಾ.”

ಅಪ್ಪ ನಕ್ಕು, ಬಾಗಿ, ಡಾಕ್ಟರ ಮುಂದೆ ಕೂತವನ ಹಾಗೆ ಬಾಯಿ ಅಗಲಿಸಿ ಊದಿದ. ಚಹಾದ ವಾಸನೆ. ಬರೀ ಚಹಾ. ಸ್ಪಿರಿಟ್ಟಿನ ಘಾಟು ಬರುತ್ತಿದ್ದದ್ದು ಜೇಬಿನಿಂದ, ಬಟ್ಟೆ ಸುತ್ತಿದ್ದ ಬೆರಳುಗಳಿಂದ.

“ಇದೆಯೇನೇ?” ಅಮ್ಮ ಕೇಳಿದಳು.

ಅವಳಿಗೆ ತರಗತಿಯ ನಗು ನೆನಪಾಯಿತು. ಯಾರನ್ನಾದರೂ ಹೊಡೆಯಬೇಕೆನಿಸಿತ್ತು.

“ಇದೆ.”

ಅಪ್ಪ ಬಾಯಿ ಮುಚ್ಚಿದ. ಹೆಂಡತಿಯನ್ನು ನೋಡಲಿಲ್ಲ, ಮಗಳನ್ನೇ ನೋಡಿದ. ಆಮೇಲೆ ಅವನು ಯಾರೆದುರಿಗೂ, ಒಮ್ಮೆಯೂ, ನಾನು ಕುಡಿಯೋದಿಲ್ಲ ಎನ್ನಲಿಲ್ಲ. ಅಮ್ಮ ಆ ಮಾತನ್ನೇ ನಂಬಿಕೊಂಡು ಆರು ವರ್ಷದ ಹಿಂದೆ ಕಣ್ಣು ಮುಚ್ಚಿದಳು.

*

ಹನ್ನೊಂದು ಗಂಟೆಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಯಾರಿಗೂ ಗುರುತಿಲ್ಲ. ನೇರ ಮಂಚದ ಬಳಿ ಹೋಗಿ ಹೆಣದ ಬಲಗೈಯನ್ನು ಎತ್ತಿ ತಿರುಗಿಸಿದಳು. ಬೆರಳ ತುದಿಗಳು ಮೇಣದ ಹಾಗೆ ಬೆಳ್ಳಗೆ, ಗೆರೆಯೇ ಇಲ್ಲದೆ ನುಣ್ಣಗಿದ್ದವು. ಅವಳು ತನ್ನ ಗಡಿಯಾರ ಬಿಚ್ಚಿದಳು. ಪಟ್ಟಿಯ ಕೆಳಗೆ, ಮಣಿಕಟ್ಟಿನ ಸುತ್ತ, ಅದೇ ಬಿಳಿ.

“ಎರಡೂ ಒಂದೇ ದಿನದ್ದು,” ಎಂದಳು ಮಗಳಿಗೆ. “ನಾನು ಆಗ ಅಲ್ಲಿ ಓದ್ತಿದ್ದೆ. ನಿಮ್ಮಪ್ಪ ಹೇಳಿರಬೇಕಲ್ಲ?”

“ಇಲ್ಲ. ನೀವು ಹೇಳಿ.”

ಇಬ್ಬರೂ ಅಡುಗೆಮನೆಗೆ ಹೋದರು. ಮಗಳು ಬಾಗಿಲು ಹಾಕಿಕೊಂಡಳು.

*

ಅವತ್ತು ಲ್ಯಾಬಿನಲ್ಲಿ, ಚರ್ಮ ಸುಡುವ ಫೀನಾಲ್ ಚಳಿಗೆ ಗಟ್ಟಿಯಾಗಿತ್ತು. ಪ್ರೊಫೆಸರು ಬಾಟಲಿಯ ಬಿರಡೆ ಸಡಿಲಿಸದೆ ಬಿಸಿನೀರಿನಲ್ಲಿ ಇಟ್ಟು, ಮರೆತು, ಆಮೇಲೆ ಹುಡುಗಿಗೆ ತೆಗೆ ಎಂದರು. ಬಿರಡೆ ಹಾರಿತು. ಮಣಿಕಟ್ಟಿನ ಮೇಲೆ ಚೆಲ್ಲಿದ್ದು ಮೊದಲು ಉರಿಯಲೂ ಇಲ್ಲ. ಚರ್ಮ ಬೆಳ್ಳಗಾಗಿ ಜೋಮು ಹಿಡಿಯಿತು. ಪ್ರೊಫೆಸರು ಅವಳನ್ನು ನಲ್ಲಿಗೆ ಎಳೆದರು. ನಲ್ಲಿಯಲ್ಲಿ ನೂಲಿನಷ್ಟು ನೀರು.

“ಅಷ್ಟು ನೀರಿಗೆ ಅದು ಹೋಗಲ್ಲ ಸಾರ್, ಇನ್ನೂ ಹರಡುತ್ತೆ!” ಎಂದು ಅಟೆಂಡರ್ ಬೀರುವಿನಿಂದ ಆಲ್ಕೊಹಾಲ್ ತಂದ. ಅದರಲ್ಲಿ ಫೀನಾಲ್ ಸರಾಗ ಕರಗುತ್ತದೆ. ಗವಸು ಹುಡುಕುತ್ತ ನಿಲ್ಲಲಿಲ್ಲ. ಹತ್ತಿ ನೆನೆಸಿ ಒರೆಸಿದ, ಎಸೆದ, ಮತ್ತೆ ನೆನೆಸಿದ. ಅರ್ಧ ಬಾಟಲಿ ಮುಗಿಯಿತು. ಕೈ ಉಳಿಯಿತು.

ಅಪಘಾತವೆಂದು ಬರೆದರೆ ಪ್ರೊಫೆಸರ ಕುತ್ತಿಗೆಗೆ ಬರುತ್ತಿತ್ತು. ಹಾಗಾಗಿ ಅಪಘಾತ ಆಗಲೇ ಇಲ್ಲ. ಅಪಘಾತ ಆಗದಿದ್ದ ಮೇಲೆ ಆಲ್ಕೊಹಾಲ್ ಎಲ್ಲಿ ಹೋಯಿತು?

ಮಾರನೆಯ ದಿನ ಅಟೆಂಡರ್ ಆ ಹತ್ತಿಯನ್ನು ಪ್ರೊಫೆಸರ ಮುಂದೆಯೇ ನೀರಿಗೆ ಹಾಕಿ, ಫೆರಿಕ್ ಕ್ಲೋರೈಡಿನ ಒಂದು ತೊಟ್ಟು ಬಿಟ್ಟ. ನೀರು ನೇರಳೆಯಾಯಿತು.

“ನೋಡಿ ಸಾರ್. ಇದು ಒರೆಸಿದ ಹತ್ತಿ. ನಾನು ಕುಡಿದಿಲ್ಲ.”

“ನನಗೇ ಪಾಠ ಹೇಳ್ತೀಯೇನೋ?” ಎಂದ ಪ್ರೊಫೆಸರು ಲೋಟ ಎತ್ತಿ ಸಿಂಕಿಗೆ ಸುರಿದರು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು.

*

“ನೀವು ಏನಂದ್ರಿ?” ಮಗಳು ಕೇಳಿದಳು.

“ಏನೂ ಅನ್ಲಿಲ್ಲ. ಪ್ರಾಕ್ಟಿಕಲ್ ಅಂಕ ಅವರ ಕೈಲಿತ್ತು. ಪಾಸಾಗ್ಬೇಕಿತ್ತು.”

“ಪಾಸಾದ್ರಾ?”

ಹೆಂಗಸು ತಲೆ ತಗ್ಗಿಸಿದಳು.

“ಅಷ್ಟು ವರ್ಷ ಬಾಯಿಗೆ ಏನು ತುರುಕಿಕೊಂಡಿದ್ರಿ? ಈಗ ಬಂದು ಗಡಿಯಾರ ಬಿಚ್ಚಿ ತೋರಿಸ್ತೀರಾ, ಹೆಣಕ್ಕೆ?” ಮಗಳು ಇನ್ನೂ ಹೇಳುವವಳಿದ್ದಳು, ಆದರೆ ಊದಲು ಬಾಗಿದ ಮುಖ ಕಣ್ಣಮುಂದೆ ಬಂತು.

“ಆಮೇಲೆ ಪ್ರತಿ ಪ್ರಾಕ್ಟಿಕಲ್ಲಿಗೂ ಜೇಬಲ್ಲಿ ಸ್ಪಿರಿಟ್ಟು, ಹತ್ತಿ ಇಟ್ಕೊಂಡೇ ಓಡಾಡ್ತಿದ್ರು,” ಎಂದಳು ಹೆಂಗಸು ಮೆಲ್ಲಗೆ. “ಬೀರುವಿನ ಬೀಗದ ಕೈ ಕಿತ್ತುಕೊಂಡಿದ್ರಲ್ಲ, ಅದಕ್ಕೆ.”

ಹೊರಗೆ ಅಪ್ಪನನ್ನು ಮಂಚದಿಂದ ಪೆಟ್ಟಿಗೆಗೆ ಇಳಿಸಿ ಆಗಿತ್ತು. ಯಾರೋ ಕುರ್ಚಿ ಎಳೆದು ಕೊಡುತ್ತಿದ್ದರು. ಪ್ರೊಫೆಸರು ಬಂದಿದ್ದರು. ನಿವೃತ್ತಿಯಾಗಿ ಮೈತುಂಬಿಕೊಂಡಿದ್ದರು. ಕೂರದೆ, ಪೆಟ್ಟಿಗೆಯ ಪಕ್ಕ ನಿಂತೇ ಮಾತು ಶುರುಮಾಡಿದ್ದರು.

“ಕೆಲಸದಲ್ಲಿ ಅವನಂಥವನು ಇನ್ನೊಬ್ಬ ಇಲ್ಲ. ಒಂದು ಸಣ್ಣ ದೌರ್ಬಲ್ಯ ಇತ್ತು, ನಿಮಗೆಲ್ಲ ಗೊತ್ತಿರೋದೇ. ನಾವು ಕ್ಷಮಿಸಿದ್ವಿ. ಕೆಲಸದಿಂದ ತೆಗೀಲಿಲ್ಲ...”

ಚಿಕ್ಕಪ್ಪ ಕೈಮುಗಿದು ತಲೆದೂಗುತ್ತಿದ್ದ. ಮಗಳು ಅಡುಗೆಮನೆಯಿಂದ ಹೊರಗೆ ಬಂದಳು.

“ಸಾರ್, ಫೀನಾಲ್‌ಗೆ ಫೆರಿಕ್ ಕ್ಲೋರೈಡ್ ಹಾಕಿದ್ರೆ ಯಾವ ಬಣ್ಣ ಬರುತ್ತೆ?”

“ನೇರಳೆ,” ಎಂದರು ಪ್ರೊಫೆಸರು. ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡಿತು.

“ಆಲ್ಕೊಹಾಲಿಗೆ?”

“ಅದಕ್ಕೆ ಬಣ್ಣ ಬರಲ್ಲ. ಯಾಕಮ್ಮ ಈಗ ಇದೆಲ್ಲ?”

“ಅವತ್ತು ನೀವು ಸಿಂಕಿಗೆ ಸುರಿದ ಲೋಟದಲ್ಲಿ ಯಾವ ಬಣ್ಣ ಇತ್ತು?”

ಪ್ರೊಫೆಸರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನೂ, ಗಡಿಯಾರವಿಲ್ಲದ ಅವಳ ಮಣಿಕಟ್ಟನ್ನೂ ನೋಡಿದರು. ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

“ಹೇಳಿ ಸಾರ್, ನಾವೂ ಕಲೀತೀವಿ.”

“ಏನೇ ಇದು, ದೊಡ್ಡವರ ಹತ್ರ?” ಚಿಕ್ಕಪ್ಪ ಗದರಿದ.

“ಅಪ್ಪ ಕುಡೀತಿರಲಿಲ್ಲ ಚಿಕ್ಕಪ್ಪ. ಒಂದು ದಿನಾನೂ. ನನಗೆ ಗೊತ್ತಿತ್ತು.”

ಚಿಕ್ಕಪ್ಪ ಮುಗಿದಿದ್ದ ಕೈ ಇಳಿಸಿದ.

ಗಾಡಿ ಕೆಳಗೆ ಬಂದು ಹಾರನ್ ಹೊಡೆಯಿತು. ಮನೆಯಿದ್ದದ್ದು ಮೂರನೆಯ ಮಹಡಿಯಲ್ಲಿ. ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸುವುದಿಲ್ಲ. ನೆರೆಮನೆಯವರಿಬ್ಬರು ಆಗಲೇ ಮೆಲ್ಲಗೆ ಜಾರಿಕೊಂಡಿದ್ದರು. ಮಗಳು ತಲೆಯ ಕಡೆ ಒಂದು ಹಿಡಿ ಹಿಡಿದಳು. ಚಿಕ್ಕಪ್ಪ ಕಾಲ ಕಡೆ ಬಂದ.

“ನೀವು ಈ ಕಡೆ ಬನ್ನಿ,” ಎಂದಳು ಹೆಂಗಸಿಗೆ. “ಆ ಕೈಯಲ್ಲೇ ಹಿಡೀರಿ.”

ಹೆಂಗಸು ಬಿಳಿ ಮಣಿಕಟ್ಟಿನ ಕೈಯಿಂದ ಹಿಡಿದಳು. ಮೂವರೂ ಎತ್ತಿದರು. ನಾಲ್ಕನೆಯ ಹಿಡಿ ಖಾಲಿಯಿದ್ದ ಮೂಲೆ ಕೆಳಕ್ಕೆ ವಾಲಿತು; ಒಳಗೆ, ಕೋಟಿನ ಜೇಬಿನಲ್ಲಿ, ಬಾಟಲಿ ಹಲಗೆಗೆ ತಾಗಿ ಟಕ್ ಎಂದಿತು. ಮೊದಲ ಮೆಟ್ಟಿಲಿಗೇ ಮಗಳು ಹಿಡಿಯನ್ನು ಎರಡೂ ಕೈಗೆ ತೆಗೆದುಕೊಂಡಳು.

ಪ್ರೊಫೆಸರು ಹಿಂದೆಯೇ ಬಂದಿದ್ದರು. ಅಂಗಿಯ ತೋಳು ಮಡಚಿ, ಕೆಂಪಗೆ ದುಂಡಗಿದ್ದ ಕೈಯನ್ನು ಖಾಲಿ ಹಿಡಿಯತ್ತ ಚಾಚಿದರು.

“ಮೂರೇ ಜನ ಇದ್ದೀರಮ್ಮ. ಮೆಟ್ಟಿಲು ಕಡಿದಾಗಿದೆ, ಬಿದ್ದುಹೋಗ್ತೀರಿ. ನಾನೂ ಹಿಡೀತೀನಿ.”

“ಬೇಡ,” ಎಂದಳು ಮಗಳು.